ಗ್ಯಾರೇಜಿನಲ್ಲಿ ಒಂಬತ್ತು ಚೌಕ

ಕೊಡೆ ಸಾಹೇಬರ ಬಳಿ ಕಾರಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವರ ಗ್ಯಾರೇಜಿನ ಬಗ್ಗೆ ಬಹಳ ಮಾತು ಬರುತ್ತದೆ, ಓದುವವರು ಸುಮ್ಮನೆ ಕಾರಿಗಾಗಿ ಕಾದು ಕೂರಬಾರದು. ಆ ಬೀದಿಯ ಮನೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಕಟ್ಟಿದ್ದರಿಂದ ಕಾರಿದ್ದವರಿಗೂ ಇಲ್ಲದವರಿಗೂ ತಲೆಗೊಂದು ಗ್ಯಾರೇಜು ಬಂದಿತ್ತು. ಸಾಹೇಬರ ಗ್ಯಾರೇಜಿನಲ್ಲಿ ಒಂದು ಸೈಕಲ್ಲು, ಒಂದು ಏಣಿ ಮತ್ತು ಹದಿನಾರು ಅಡಿ ಉದ್ದದ ಖಾಲಿ ಜಾಗ ಇತ್ತು.

ಸಾಹೇಬರು ರೈಲು ನಿಲ್ದಾಣದ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಗುಮಾಸ್ತರು. ಜನ ರೈಲಿನಲ್ಲಿ ಮರೆಯುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಬೀದಿಯವರು ಇಟ್ಟ ಹೆಸರು ಕೊಡೆ ಸಾಹೇಬರು. ವಸ್ತು ಬಂದ ಕೂಡಲೇ ಅದಕ್ಕೊಂದು ಚೀಟಿ ಕಟ್ಟಿ, ಅದು ಹೇಗಿದೆ ಎಂದು ಐದೇ ಪದದಲ್ಲಿ ಬರೆಯಬೇಕು. ‘ಕೊಡೆ. ಕಪ್ಪು. ಒಂದು ಕಡ್ಡಿ ಮುರಿದಿದೆ.’ ಆಮೇಲೆ ‘ಯಾರದು’ ಎಂಬ ಕಾಲಂ ಬರುತ್ತದೆ. ಅದನ್ನು ಖಾಲಿ ಬಿಡಬೇಕು. ಹತ್ತೊಂಬತ್ತು ವರ್ಷ ಹಾಗೆ ಖಾಲಿ ಬಿಟ್ಟು ಬಿಟ್ಟು ಸಾಹೇಬರಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಮನೆಯ ಉಪ್ಪಿನ ಡಬ್ಬಿಯ ಮೇಲೂ ‘ಉಪ್ಪು. ಸ್ವಲ್ಪ ತೇವ’ ಎಂದು ಬರೆದಿದ್ದರು.

ಐವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಅವರ ಅಕ್ಕ ದಿನಕ್ಕೊಂದು ಸಲ ಬಂದು, ತಮ್ಮ ಇನ್ನೂ ಮದುವೆಯಾಗಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ಈ ಕಥೆಗೆ ಕಾರಣವಾದದ್ದೂ ಆ ಅಕ್ಕನೇ. ಗ್ಯಾರೇಜಿನ ಕಾಂಕ್ರೀಟು ನೆಲ ಹಿಟ್ಟು ಬಿಡುತ್ತಿತ್ತು. ಎಷ್ಟು ಗುಡಿಸಿದರೂ ಬಿಳಿ ಧೂಳು ಏಳುತ್ತಿತ್ತು. ಒಂದು ದಿನ ಅಕ್ಕನ ಹೊಸ ಚಪ್ಪಲಿ ಬೆಳ್ಳಗಾಯಿತು.

“ಇದಕ್ಕೊಂದು ಕೋಟಿಂಗ್ ಹೊಡಿಸೋ. ಮೂರು ಕಾಸಿನ ಕೆಲಸ,” ಎಂದರು ಅಕ್ಕ. “ಬಾಳಿಕೆ ಬರೋದು ನೋಡಿ ತಗೋ. ನಿನ್ನ ಕೈಲಿ ಎರಡನೇ ಸಲ ಯಾವ ಕೆಲಸಾನೂ ಆಗಲ್ಲ.”

ಸಾಹೇಬರು ಮಂಗಳವಾರ ಸಂಜೆ ಕಚೇರಿಯಿಂದ ನೇರವಾಗಿ ಬಣ್ಣದಂಗಡಿಗೆ ಹೋದರು. ಕೌಂಟರಿನಲ್ಲಿ ಒಬ್ಬ ಹೆಂಗಸು ಬಣ್ಣದ ಶೇಡ್ ಕಾರ್ಡುಗಳನ್ನು ತಿಳಿಯಿಂದ ಗಾಢಕ್ಕೆ ಜೋಡಿಸುತ್ತಿದ್ದರು. ಊರವರು ಅವರನ್ನು ಶೇಡ್ ಮೇಡಂ ಎನ್ನುತ್ತಿದ್ದರು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಯಾರಾದರೂ ‘ಬಿಳಿ ಕೊಡಿ’ ಎಂದರೆ ಹನ್ನೊಂದು ಬಿಳಿಗಳನ್ನು ತೆಗೆದಿಟ್ಟು, ಒಂದೊಂದನ್ನೂ ತಮ್ಮ ಮನೆ ಮಗುವನ್ನು ಪರಿಚಯಿಸುವಂತೆ ಪರಿಚಯಿಸುತ್ತಿದ್ದರು.

“ಗ್ಯಾರೇಜ್ ನೆಲಕ್ಕಾ ಸಾರ್? ಯಾವ ಕಾರು?” ಎಂದು ಕೇಳಿದರು.

ಸಾಹೇಬರು ‘ಸೈಕಲ್ಲು’ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಆ ಹೆಂಗಸು ತಲೆಯೆತ್ತಿ ಕನ್ನಡಕದ ಮೇಲಿನಿಂದ ನೋಡಿದರು. ಸಾಹೇಬರನ್ನು ಹಾಗೆ ಯಾರೂ ಬಹಳ ಕಾಲದಿಂದ ನೋಡಿರಲಿಲ್ಲ. ಕಚೇರಿಗೆ ಬರುವವರೆಲ್ಲ ಅವರ ಹಿಂದಿನ ಕಪಾಟನ್ನೇ ನೋಡುತ್ತಿದ್ದರು.

“ದೊಡ್ಡದು,” ಎಂದರು ಸಾಹೇಬರು.

ದೊಡ್ಡ ಕಾರಿಗೆ ತಕ್ಕ ಉಪಚಾರವೇ ಆಯಿತು. ಸಾದಾ ಫ್ಲೋರ್ ಪೇಂಟು, ಅಕ್ರಿಲಿಕ್, ಎರಡು ಡಬ್ಬಿ ಬೆರೆಸುವ ಎಪಾಕ್ಸಿ, ಅದಕ್ಕೂ ಮೇಲಿನದು, ಮೇಲಿನದಕ್ಕೂ ಮೇಲಿನದು. ಮೇಡಂ ಅರ್ಧ ಗಂಟೆ ವಿವರಿಸಿದರು. ಸಾಹೇಬರು ಅರ್ಧ ಗಂಟೆ ತಲೆಯಾಡಿಸಿದರು, ಒಂದಕ್ಷರ ತಲೆಗೆ ಹೋಗಲಿಲ್ಲ. ಕೊನೆಗೆ ಮೇಡಂ ಒಂದು ಸಣ್ಣ ಸ್ಯಾಂಪಲ್ ಡಬ್ಬಿ ಕೊಟ್ಟರು.

“ಅವಸರ ಮಾಡಬೇಡಿ ಸಾರ್. ಒಂದು ಅಡಿ ಚೌಕ ಹಚ್ಚಿ, ಒಂದು ವಾರ ಬಿಡಿ. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ, ಏನು ಕಂಡಿತು ಅಂತ ಬರೆದಿಡಿ. ಮುಂದಿನ ಮಂಗಳವಾರ ಬಂದು ಹೇಳಿ.”

ಹೀಗೆ ಮಂಗಳವಾರಗಳು ಶುರುವಾದವು.

ಮೊದಲ ಚೌಕದ ಪಕ್ಕ ಸಾಹೇಬರು ಪ್ರಾಮಾಣಿಕವಾಗಿ ‘ಬೂದು. ಪರವಾಗಿಲ್ಲ’ ಎಂದು ಬರೆದರು. ಎರಡನೆಯ ಮಂಗಳವಾರ ಹೋಗಿ, ಬೂದು ಸ್ವಲ್ಪ ಹೆಚ್ಚು ಬೂದಾಯಿತು ಎಂದರು. ಮೇಡಂ ಇನ್ನೊಂದು ಡಬ್ಬಿ ಕೊಟ್ಟರು. ಆ ದಿನ ಅವರ ಎಡಗಣ್ಣು ಕೆಂಪಗಿತ್ತು. ಸಾಹೇಬರು ಮನೆಗೆ ಬಂದು, ಎರಡನೆಯ ಚೌಕ ಹಚ್ಚಿ, ಸೀಮೆಸುಣ್ಣ ಹಿಡಿದು ಕೂತರು. ಏನು ಕಂಡಿತು ಎಂದು ಬರೆಯಬೇಕಿತ್ತು. ಅವರಿಗೆ ಕಂಡದ್ದು ಒಂದೇ. ‘ಎಡಗಣ್ಣು ಕೆಂಪು’ ಎಂದು ಬರೆದರು. ಯಾರದು ಎಂದು ಬರೆಯಲಿಲ್ಲ. ಅದು ವೃತ್ತಿಧರ್ಮ.

ಆಮೇಲೆ ವಾರಕ್ಕೊಂದು ನೆಪ. ಒಂದು ಬಣ್ಣ ಜಾರುತ್ತದೆ ಎಂದರು, ಇನ್ನೊಂದು ಜಾರುವುದೇ ಇಲ್ಲ ಎಂದರು. ಒಂದರ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಇನ್ನೊಂದರ ಮುಖದಲ್ಲಿ ಕಳೆಯೇ ಇಲ್ಲ. ನಾಲ್ಕು ತಿಂಗಳು ಹೆಣ್ಣು ನೋಡಿದ ವರನ ತಾಯಿ ಕೂಡ ಇಷ್ಟು ಕೊಂಕು ತೆಗೆಯಲಾರಳು. ಮೇಡಂ ಒಂದು ಸಲವೂ ಬೇಸರಿಸಲಿಲ್ಲ.

ಎಪಾಕ್ಸಿಯ ವಾರ ಮಾತ್ರ ಎಡವಟ್ಟಾಯಿತು. ಎರಡು ಡಬ್ಬಿ ಬೆರೆಸಿದ ಮೇಲೆ ನಲವತ್ತು ನಿಮಿಷದೊಳಗೆ ಹಚ್ಚಬೇಕು, ಆಮೇಲೆ ಅದು ಕಲ್ಲಾಗುತ್ತದೆ ಎಂದು ಮೇಡಂ ಎರಡು ಸಲ ಹೇಳಿದ್ದರು. ಸಾಹೇಬರು ಬಕೆಟ್ಟಿನಲ್ಲಿ ಬೆರೆಸಿ, ಒಂದಷ್ಟು ನೆಲಕ್ಕೆ ಬಳಿದರು. ಆ ‘ನಲವತ್ತು ನಿಮಿಷ’ ಎಂದದ್ದು ಎಂಥ ಧ್ವನಿಯಲ್ಲಿ ಎಂದು ನೆನೆಯುತ್ತ ಕೋಲು ಹಿಡಿದು ನಿಂತರು. ಎಚ್ಚರವಾದಾಗ ಕೋಲು ಬಕೆಟ್ಟಿನ ನಡುವೆ ಧ್ವಜಸ್ತಂಭದಂತೆ ನಿಂತಿತ್ತು. ಎಳೆದರೆ ಬಕೆಟ್ಟೇ ಮೇಲೆ ಬಂತು. ಮುಂದಿನ ಮಂಗಳವಾರ ಅದನ್ನು ಹಾಗೆಯೇ ಕೋಲು ಹಿಡಿದು ಎತ್ತಿಕೊಂಡು, ಬಸ್ಸಿನಲ್ಲಿ ಅದಕ್ಕೊಂದು ಸೀಟು ಕೊಡಿಸಿ, ಅಂಗಡಿಗೆ ಒಯ್ದರು.

ಶೇಡ್ ಮೇಡಂ ನೋಡಿದರು. ತುಟಿ ಬಿಗಿಹಿಡಿದರು. ಆಮೇಲೆ ಆಗಲಿಲ್ಲ. ಕೌಂಟರಿಗೆ ತಲೆಯಿಟ್ಟು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಸಾಹೇಬರು ಕೋಲು ಹಿಡಿದೇ ನಿಂತಿದ್ದರು. ಆ ನಗು ಇನ್ನೊಂದು ಸಲ ಕೇಳಲು ಸಿಗುವುದಾದರೆ ಊರಿನ ಬಕೆಟ್ಟುಗಳನ್ನೆಲ್ಲ ಕಲ್ಲು ಮಾಡಲು ಅವರು ಸಿದ್ಧರಿದ್ದರು. ಆ ಸಂಜೆ ಐದನೆಯ ಚೌಕದ ಪಕ್ಕದಲ್ಲಿ ಅವರ ಅಕ್ಷರ ಎಂದಿಗಿಂತ ದುಂಡಗಿತ್ತು.

ಒಂಬತ್ತನೆಯ ವಾರಕ್ಕೆ ಎದುರುಮನೆಯ ಕಾಂಪೌಂಡರು ಏಣಿ ಕೇಳಲು ಬಂದರು.

ಇವರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮಾತ್ರೆ ಎಣಿಸಿ ನಿವೃತ್ತರಾದವರು. ನಿವೃತ್ತಿಯ ಮಾರನೇ ದಿನದಿಂದ ಡಾಕ್ಟರಾಗಿದ್ದರು. ಬೀದಿಯಲ್ಲಿ ಯಾರಾದರೂ ಆಕಳಿಸಿದರೆ ನಾಲಗೆ ನೋಡದೆ ಬಿಡುತ್ತಿರಲಿಲ್ಲ. ಸಾಹೇಬರು ಕಚೇರಿಯಲ್ಲಿದ್ದರು, ಅಕ್ಕ ಗ್ಯಾರೇಜಿನ ಬಾಗಿಲು ತೆಗೆದುಕೊಟ್ಟರು. ಕಾಂಪೌಂಡರು ಏಣಿಗೆ ಕೈ ಹಾಕಿದವರು ನೆಲ ನೋಡಿ ನಿಂತರು. ಜೇಬಿನಿಂದ ಕನ್ನಡಕ ತೆಗೆದು ಒಂದೊಂದಾಗಿ ಓದಿದರು.

“ಎರಡು: ಎಡಗಣ್ಣು ಕೆಂಪು. ಮೂರು: ಕೆಮ್ಮು, ಒಣ. ನಾಲ್ಕು: ಕೆಮ್ಮು, ಕಫ. ಐದು: ನಗು, ಎರಡು ನಿಮಿಷ, ಕಣ್ಣಲ್ಲಿ ನೀರು. ಆರು: ಮಾತು ಕಡಿಮೆ, ಕಿಟಕಿ ಕಡೆ ನೋಟ. ಏಳು: ಬಲ ತೋರುಬೆರಳಿಗೆ ಗಾಯ, ಪಟ್ಟಿ. ಎಂಟು: ಇಲ್ಲ. ಒಂಬತ್ತು: ಇದೆ.”

ಕನ್ನಡಕ ತೆಗೆದು ಅಕ್ಕನ ಕಡೆ ತಿರುಗಿದರು. ಅವರ ಮುಖದಲ್ಲಿ ದುಃಖವೂ ಇತ್ತು, ಮೂವತ್ತು ವರ್ಷ ಕಾದದ್ದು ಕೊನೆಗೂ ಸಿಕ್ಕಿದ ಸಂತೋಷವೂ ಇತ್ತು.

“ಅಮ್ಮ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಿಮ್ಮ ತಮ್ಮನವರು ತಮ್ಮ ಮೇಲೇ ಈ ರಾಸಾಯನಿಕಗಳ ಪ್ರಯೋಗ ಮಾಡ್ಕೊಂಡಿದಾರೆ. ಕ್ರಮ ನೋಡಿ. ಮೊದಲು ಕಣ್ಣು, ಆಮೇಲೆ ಶ್ವಾಸಕೋಶ, ಅಲ್ಲಿಂದ ತಲೆಗೆ. ಕಾರಣವಿಲ್ಲದ ನಗು, ಅದರ ಹಿಂದೇನೇ ಮಂಕು. ಕೈ ಸ್ವಾಧೀನ ತಪ್ಪಿ ಗಾಯ.”

“ಈ ‘ಇಲ್ಲ’ ಅಂದ್ರೆ?”

“ಪ್ರಜ್ಞೆ ಇಲ್ಲ.”

“ಅಯ್ಯೋ. ಈ ‘ಇದೆ’?”

“ಮರಳಿ ಬಂದಿದೆ. ಈ ಸಲ.”

ಸಂಜೆ ಸಾಹೇಬರು ಮನೆಗೆ ಬಂದಾಗ ಹಾಸಿಗೆ ಸಿದ್ಧವಾಗಿತ್ತು. ಅಕ್ಕ ಕಣ್ಣು ಒರೆಸುತ್ತ, “ಪ್ರಜ್ಞೆ ತಪ್ಪಿ ಬಿದ್ದಿದ್ದೆಯಂತಲ್ಲೋ, ನನಗೊಂದು ಮಾತು ಹೇಳಬಾರದಿತ್ತಾ?” ಎಂದರು. ಕಾಂಪೌಂಡರು ಟಾರ್ಚು ಹಿಡಿದು ನಿಂತಿದ್ದರು. ಸಾಹೇಬರಿಗೆ ಎಲ್ಲ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಕೆಮ್ಮು ನನ್ನದಲ್ಲ ಎಂದರೆ, ಮತ್ತೆ ಯಾರದು ಎಂದು ಕೇಳುತ್ತಾರೆ. ಆ ಕಾಲಂ ತುಂಬುವ ಧೈರ್ಯ ಅವರಿಗಿರಲಿಲ್ಲ. ಅದಕ್ಕಿಂತ ರೋಗವೇ ಸುಲಭವೆನಿಸಿತು.

“ಹೌದಕ್ಕ. ಸ್ವಲ್ಪ ಕೆಮ್ಮಿತ್ತು,” ಎಂದು ಹೇಳಿ, ನಂಬಿಕೆ ಬರಲೆಂದು ಎರಡು ಸಲ ಕೆಮ್ಮಿ ಮಲಗಿಕೊಂಡರು.

ಮಂಗಳವಾರದ ತನಕ ಹೇಗೋ ಕಳೆದರಾಯಿತು ಎಂದು ಅವರ ಲೆಕ್ಕ. ಆದರೆ ಕಾಂಪೌಂಡರು ಸುಮ್ಮನಿರುವ ಜೀವವಲ್ಲ. ಡಬ್ಬಿಗಳ ಮೇಲಿದ್ದ ಅಂಗಡಿಯ ಹೆಸರೂ ಸೇರಿಸಿ ನಾಲ್ಕು ಪುಟದ ದೂರು ಬರೆದು ನಗರಸಭೆಯ ಆರೋಗ್ಯ ಶಾಖೆಗೆ ಕೊಟ್ಟುಬಂದರು. ಶಾಖೆಯಲ್ಲಿ ಆ ವಾರ ಬೇರೆ ಕೆಲಸವಿರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೆಲ್ತ್ ಇನ್‌ಸ್ಪೆಕ್ಟರು ಗ್ಯಾರೇಜಿಗೆ ಬಂದಿಳಿದರು. ಅವರ ಜೊತೆ, ಒಂಬತ್ತು ಡಬ್ಬಿಗಳ ಪಟ್ಟಿ ಕೈಯಲ್ಲಿ ಹಿಡಿದುಕೊಂಡು, ಶೇಡ್ ಮೇಡಂ.

ಹಾಸಿಗೆಯಿಂದ ಎದ್ದುಬಂದ ಸಾಹೇಬರು ಪೈಜಾಮದಲ್ಲಿದ್ದರು. ಕುತ್ತಿಗೆಗೆ ಅಕ್ಕ ಕಟ್ಟಿದ ಉಣ್ಣೆಯ ಮಫ್ಲರು. ಗ್ಯಾರೇಜಿನಲ್ಲಿ ದೊಡ್ಡ ಕಾರಿನ ಜಾಗದಲ್ಲಿ ಸೈಕಲ್ಲು ನಿಂತಿತ್ತು. ಮೇಡಂ ಸೈಕಲ್ಲನ್ನು ಒಂದು ಸಲ ನೋಡಿದರು. ಸಾಹೇಬರಿಗೆ ಕಾಂಕ್ರೀಟಿನೊಳಗೆ ಇಳಿದುಹೋಗಬೇಕೆನಿಸಿತು.

“ಇವರೇ ರೋಗಿ,” ಎಂದರು ಕಾಂಪೌಂಡರು, ತಾವೇ ತಯಾರಿಸಿದ ವಸ್ತುವನ್ನು ತೋರಿಸುವಂತೆ.

ಇನ್‌ಸ್ಪೆಕ್ಟರು ಚೌಕಗಳನ್ನು ಓದಿ ಬರೆದುಕೊಂಡರು. “ವಿಷಯ ಗಂಭೀರವಾಗಿದೆ. ಸ್ಯಾಂಪಲ್ ಯಾರು ಕೊಟ್ಟದ್ದು?”

“ನಾನೇ ಸಾರ್,” ಎಂದರು ಮೇಡಂ.

“ಒಬ್ಬರಿಗೇ ಒಂಬತ್ತಾ?”

“ಹೌದು ಸಾರ್.”

“ಅಂಗಡಿ ಯಜಮಾನರ ಅಪ್ಪಣೆ ಇತ್ತಾ?”

“ಒಬ್ಬರಿಗೆ ಎರಡು ಅಂತ ನಿಯಮ ಇದೆ.” ಮೇಡಂ ಪಟ್ಟಿಯನ್ನು ಮಡಿಸಿದರು. “ನೀವು ಈ ವರದಿ ಕಳಿಸಿದ್ರೆ ನನ್ನನ್ನ ಕೆಲಸದಿಂದ ಬಿಡಿಸ್ತಾರೆ. ಕಳಿಸಿ ಸಾರ್. ಯಾರಿಗಾದರೂ ತೊಂದರೆ ಆಗಿದ್ರೆ ಕಳಿಸಲೇಬೇಕು.” ಅವರು ಇನ್ನೂ ನೆಲದ ಬರಹ ನೋಡಿರಲಿಲ್ಲ. ಸಾಹೇಬರನ್ನೇ ನೋಡುತ್ತಿದ್ದರು. “ತುಂಬ ಕಷ್ಟ ಆಯ್ತಾ ಸಾರ್? ಹೇಳೋದಲ್ವಾ?”

ಒಂಬತ್ತು ವಾರ ಬಸ್ಸು ಹತ್ತಿ ಹೋಗಿ ನೋಡಿಬಂದ ಮುಖ ತಮ್ಮದೇ ಗ್ಯಾರೇಜಿನಲ್ಲಿ, ಎರಡೇ ಹೆಜ್ಜೆ ದೂರದಲ್ಲಿತ್ತು. ಅದು ಮುಂದಿನ ಮಂಗಳವಾರ ಕೌಂಟರಿನಲ್ಲಿ ಇರುವುದಿಲ್ಲ. ಅದಕ್ಕೆ ಕಾರಣ ತಮ್ಮ ಅಕ್ಷರ.

“ಕೆಮ್ಮು ನನಗೆ ಬಂದಿರಲಿಲ್ಲ,” ಎಂದರು ಸಾಹೇಬರು.

“ಮರೆವು,” ಎಂದು ಕಾಂಪೌಂಡರು ಇನ್‌ಸ್ಪೆಕ್ಟರಿಗೆ ಹೇಳಿದರು. “ಒಂಬತ್ತನೇ ಲಕ್ಷಣ. ಬರ್ಕೊಳ್ಳಿ.”

“ನಿಜವಾಗಲೂ ಬಂದಿರಲಿಲ್ಲ. ಗಂಟಲು ನೋಡಿ.”

ಕಾಂಪೌಂಡರು ಟಾರ್ಚು ಹಾಕಿ ನೋಡಿದರು. ಬಹಳ ಹೊತ್ತು ಹುಡುಕಿದರು. ಇಷ್ಟು ಆರೋಗ್ಯವಂತ ಗಂಟಲನ್ನು ಅವರು ಕಂಡಿರಲಿಲ್ಲವೆಂದು ತೋರುತ್ತದೆ, ಅವಮಾನವಾದವರಂತೆ ಟಾರ್ಚು ಆರಿಸಿದರು.

ಇನ್‌ಸ್ಪೆಕ್ಟರು ಜಾಣರು. “ಏಳನೇ ಚೌಕ. ಬಲ ತೋರುಬೆರಳಿಗೆ ಗಾಯ. ಕೈ ತೋರಿಸಿ,” ಎಂದರು.

ಸಾಹೇಬರು ಕೈ ಚಾಚಿದರು. ಹತ್ತು ಬೆರಳೂ ಸ್ವಚ್ಛವಾಗಿದ್ದವು. ಇನ್‌ಸ್ಪೆಕ್ಟರು ಎಣಿಸಿ ನೋಡಿದರು. ಅಕ್ಕ ಕೂಡ ಬಂದು ಎಣಿಸಿದರು.

“ಹಾಗಾದ್ರೆ ಯಾರ ಬೆರಳು ಇದು?”

ಆಗ ಆ ಗ್ಯಾರೇಜಿನಲ್ಲಿ ಪಟ್ಟಿ ಕಟ್ಟಿದ ಬೆರಳು ಒಂದೇ ಇತ್ತು. ಅದು ಮಡಿಸಿದ ಕಾಗದದ ಮೇಲೆ, ಎಲ್ಲರಿಗೂ ಕಾಣುವಂತೆ ಇತ್ತು. ಮೊದಲು ಅಕ್ಕ ನೋಡಿದರು, ಆಮೇಲೆ ಇನ್‌ಸ್ಪೆಕ್ಟರು, ಕೊನೆಗೆ ಕಾಂಪೌಂಡರು. ಮೇಡಂ ತಾವೇ ಒಂದು ಸಲ ಬೆರಳು ನೋಡಿಕೊಂಡರು. ಆಮೇಲೆ ಬಾಗಿ ನೆಲ ಓದಲು ಶುರುಮಾಡಿದರು.

“ಡಬ್ಬಿ ಮುಚ್ಚಳ ತಗಲಿತ್ತು, ಇನ್ನೂ ಮಾಗಿಲ್ಲ,” ಎಂದರು ಮೆಲ್ಲಗೆ, ಯಾರಿಗೆಂದಲ್ಲ.

“ಹಾಗಾದ್ರೆ ಕಣ್ಣು?” ಎಂದು ಇನ್‌ಸ್ಪೆಕ್ಟರು ಸಾಹೇಬರನ್ನು ಕೇಳಿದರು.

“ಅವರದು.”

“ಎರಡು ಥರದ ಕೆಮ್ಮು?”

“ಎರಡೂ ಅವರದೇ.”

“ನಗು?”

“ಅವರದು ಸಾರ್. ಅದೊಂದು ಮಾತ್ರ ನನ್ನಿಂದ ಬಂದದ್ದು.”

ಇನ್‌ಸ್ಪೆಕ್ಟರಿಗೆ ದಾರಿ ಸಿಕ್ಕಿತು. “ಅಂದ್ರೆ ಅಂಗಡಿಯವರಿಗೇ ಈ ಬಣ್ಣದಿಂದ ಕಾಯಿಲೆ. ಇದು ಇನ್ನೂ ದೊಡ್ಡ ಕೇಸು.”

“ಶೀತ ಆಗಿತ್ತು ಸಾರ್,” ಎಂದರು ಮೇಡಂ, ತಲೆಯೆತ್ತದೆ. “ಫ್ಯಾನಿನ ಕೆಳಗೆ ಕೂರ್ತೀನಿ. ಕಣ್ಣು ಹಳೇ ಕನ್ನಡಕದಿಂದ. ಬಣ್ಣದ್ದೇನೂ ತಪ್ಪಿಲ್ಲ.”

“ಹಾಗಾದ್ರೆ, ರೀ, ನಿಮ್ಮ ಗ್ಯಾರೇಜಲ್ಲಿ ಅವರ ಶೀತ ಯಾಕೆ ಬರೆದಿಟ್ಕೊಂಡಿದೀರಿ?”

ಸಾಹೇಬರು ಮಫ್ಲರು ತೆಗೆದರು. ಪೈಜಾಮ ಸರಿಮಾಡಿಕೊಂಡರು. “ನಮ್ಮ ಕಚೇರಿಯಲ್ಲಿ ಹಾಗೇ ಸಾರ್. ನಮ್ಮದಲ್ಲದ್ದು ನಮ್ಮ ಎದುರಿಗೆ ಬಂದ್ರೆ, ಅದು ಹೇಗಿದೆ ಅಂತ ಬರೆದಿಡ್ತೀವಿ. ಏನೂ ಕೆಡದ ಹಾಗೆ ನೋಡ್ಕೊಳ್ಳೋಕೆ. ಯಾರದು ಅಂತ ಬರೆಯಲ್ಲ. ನಮ್ಮದು ಅಂತ ಬರೆಯೋಕೆ ನಮಗೆ ಹಕ್ಕಿಲ್ಲ.”

“ಬಣ್ಣದ ಬಗ್ಗೆ ಏನು ಬರೆದಿದೀರಿ?”

“ಬೂದು, ಪರವಾಗಿಲ್ಲ ಅಂತ. ಮೊದಲನೇ ವಾರ.”

“ಆಮೇಲೆ ಎಂಟು ವಾರ?”

“ಬಣ್ಣ ನೋಡಲಿಲ್ಲ ಸಾರ್.”

ಅಕ್ಕ, ಅಂಗಡಿಯಿಂದ ಮರಳಿ ತಂದಿಟ್ಟಿದ್ದ ಎಪಾಕ್ಸಿ ಬಕೆಟ್ಟಿನ ಮೇಲೆ ಕೂರಲು ಹೋಗಿ, ಕೋಲು ನೆನಪಾಗಿ, ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. “ಇಪ್ಪತ್ತು ವರ್ಷ ನಾನು ಹೆಣ್ಣು ತೋರಿಸಿದೆ,” ಎಂದರು. “ಒಬ್ಬರಿಗೂ ಕೆಮ್ಮಿರಲಿಲ್ಲ. ಅದಕ್ಕೇ ಇವನಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ.”

ಇನ್‌ಸ್ಪೆಕ್ಟರು ನಾಲ್ಕು ಪುಟದ ದೂರಿನ ಕೆಳಗೆ ‘ಲಕ್ಷಣಗಳಿಗೂ ಬಣ್ಣಕ್ಕೂ ಸಂಬಂಧವಿಲ್ಲ, ಕಡತ ಮುಕ್ತಾಯ’ ಎಂದು ಬರೆದು ಸಹಿ ಹಾಕಿದರು. ಬಾಗಿಲ ತನಕ ಹೋದವರು ತಿರುಗಿ, ದನಿ ತಗ್ಗಿಸಿ, “ಮೇಡಂ, ನಮ್ಮನೆ ಶೆಡ್ಡಿಗೂ ಇದೇ ಧೂಳು. ಯಾವುದು ಬಾಳಿಕೆ ಬರುತ್ತೆ?” ಎಂದು ಕೇಳಿದರು. ಐದನೆಯದು ಎಂದರು ಮೇಡಂ. ಕಾಂಪೌಂಡರನ್ನು ಅಕ್ಕ ಏಣಿಯ ಸಮೇತ ಹೊರಗೆ ಕಳಿಸಿದರು. ಆಮೇಲೆ, ಚಹಾಕ್ಕೆ ನೀರಿಡುತ್ತೇನೆ ಎಂದು ತಾವೂ ಒಳಗೆ ಹೋದರು. ಅಕ್ಕ ಆ ಮನೆಯಲ್ಲಿ ಚಹಾ ಮಾಡಿದ್ದು ಅದೇ ಮೊದಲು.

ಮೇಡಂ ಮಾತ್ರ ಉಳಿದರು. ಚೌಕದಿಂದ ಚೌಕಕ್ಕೆ ನಿಧಾನವಾಗಿ ನಡೆದರು.

“ಕಾರಿನ ವಿಷಯ,” ಎಂದು ಸಾಹೇಬರು ಶುರುಮಾಡಿದರು.

“ಇಲ್ಲ ಅಂತ ಗೊತ್ತಿತ್ತು.”

“ಯಾವಾಗಿಂದ?”

“ಮೊದಲನೇ ಮಂಗಳವಾರದಿಂದ. ಕಾರಿರೋರು ಮೊದಲು ಕೇಳೋದೇ, ಓಡಿಬಂದ ಬಿಸಿ ಟೈರಿಗೆ ಕೋಟಿಂಗ್ ಕಿತ್ತುಬರುತ್ತಾ ಅಂತ. ನೀವು ಒಂದು ಸಲಾನೂ ಕೇಳಲಿಲ್ಲ.”

“ಮತ್ತೆ ಒಂಬತ್ತು ಡಬ್ಬಿ ಯಾಕೆ ಕೊಟ್ರಿ?”

ಮೇಡಂ ಗೋಡೆಯ ಅಂಚಿನಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡರು. “ನಿಮ್ಮ ಕಚೇರಿಯಲ್ಲಿ ಕಳೆದದ್ದು ವಾಪಸ್ ಬೇಕಾದ್ರೆ ಏನು ಮಾಡಬೇಕು?”

“ಗುರುತು ಹೇಳಿ ಸಹಿ ಹಾಕಬೇಕು.”

ಅವರು ಎರಡನೆಯ ಚೌಕದ ಪಕ್ಕ ಮಂಡಿಯೂರಿ ಕೂತು, ‘ಎಡಗಣ್ಣು ಕೆಂಪು’ ಎಂಬುದರ ಮುಂದೆ ಸಹಿ ಹಾಕಿದರು. ಒಣ ಕೆಮ್ಮಿಗೆ ಒಂದು, ಕಫದ ಕೆಮ್ಮಿಗೆ ಒಂದು. ನಗುವಿನ ಹತ್ತಿರ ಸ್ವಲ್ಪ ಹೊತ್ತು ತಡೆದರು. ಕಿಟಕಿಯ ಕಡೆ ನೋಟದ ಹತ್ತಿರ ಇನ್ನೂ ಹೆಚ್ಚು ಹೊತ್ತು ತಡೆದರು. “ಇದನ್ನೂ ನೋಡಿದ್ರಾ,” ಎಂದರು. ಆರು ವರ್ಷದಿಂದ ಆ ಕಿಟಕಿಯ ಕಡೆ ಅವರು ಎಷ್ಟು ಸಲ ನೋಡಿದ್ದರೋ, ಯಾರೂ ಬರೆದಿಟ್ಟಿರಲಿಲ್ಲ. ಬೆರಳಿಗೆ ಸಹಿ ಹಾಕಿದರು. ‘ಇಲ್ಲ’ ಎಂಬುದನ್ನು ದಾಟಿ ಹೋಗಿ ‘ಇದೆ’ಗೆ ಸಹಿ ಹಾಕಿದರು.

“ಎಂಟನೆಯದು ಉಳೀತು,” ಎಂದರು ಸಾಹೇಬರು.

“ಆ ಮಂಗಳವಾರ ಹೊಸ ಕನ್ನಡಕ ತರೋಕೆ ಹೋಗಿದ್ದೆ. ಮಾರನೇ ದಿನ ಬಂದವಳೇ, ದೊಡ್ಡ ಕಾರಿನವರು ಬಂದಿದ್ರಾ ಅಂತ ಯಜಮಾನರನ್ನ ಕೇಳಿದೆ. ಬಂದಿದ್ರು, ಬಾಗಿಲು ಹಾಕೋ ತನಕ ಇದ್ರು, ನಾನು ಕಟ್ಟಿಟ್ಟಿದ್ದ ಡಬ್ಬಿ ಬಿಟ್ಟು ಬೇರೇನೂ ತಗೊಳ್ಳಲಿಲ್ಲ ಅಂದ್ರು.” ಮೇಡಂ ಎದ್ದು, ಮಂಡಿಯ ಬಿಳಿ ಧೂಳು ಕೊಡವಿಕೊಂಡು, ಸೀಮೆಸುಣ್ಣವನ್ನು ಅವರ ಕಡೆ ಚಾಚಿದರು. “ಇದು ನಂದಲ್ಲ ಸಾರ್. ಇದು ನಿಮ್ಮದು.”

ಹತ್ತೊಂಬತ್ತು ವರ್ಷದಲ್ಲಿ ಕೊಡೆ ಸಾಹೇಬರು ಏನನ್ನೂ ತಮ್ಮದೆಂದು ಬರೆದವರಲ್ಲ. ಸೀಮೆಸುಣ್ಣ ತೆಗೆದುಕೊಂಡರು. ಮಂಡಿಯೂರಿ ಕೂತು, ಎಂಟನೆಯ ಚೌಕದ ಪಕ್ಕ, ‘ಇಲ್ಲ’ದ ಮುಂದೆ, ತಮ್ಮ ಪೂರ್ತಿ ಹೆಸರು ಬರೆದರು.